ಹಿಂದಿನಿಂದ ನೋಡಿ ಕೊಂಡ ಗಾಡಿ

ಹೊಸ ವಸ್ತು ಕೊಳ್ಳುವವರಿಗೆ ದುಡ್ಡೊಂದಿದ್ದರೆ ಸಾಕು. ಹಳೆಯದನ್ನು ಕೊಳ್ಳುವವರಿಗೆ ಸಂಶಯಪಡುವ ಪ್ರತಿಭೆಯೂ ಬೇಕು. ಆ ಪ್ರತಿಭೆ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಂಬಿಕೊಂಡಿದ್ದೆ. ಟೊಮೆಟೊ ಕೊಳ್ಳುವಾಗಲೂ ಒಂದೊಂದನ್ನೂ ತಿರುಗಿಸಿ ನೋಡುವವನು ನಾನು. ನಾರಾಯಣಖೇಡದ ತರಕಾರಿಯವರು ನನ್ನನ್ನು ಕಂಡೊಡನೆ ಬುಟ್ಟಿಯ ಮೇಲೆ ಗೋಣಿ ಎಳೆಯುತ್ತಾರೆ ಎಂಬುದು ಹೆಂಡತಿಯ ದೂರು. ಇಪ್ಪತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ ಅಷ್ಟಾದರೂ ಇರಬೇಡವೇ?

ಗಾಡಿ ಬೇಕಾಗಿದ್ದದ್ದು ಅವ್ವನಿಗಾಗಿ. ಅವಳ ಅಕ್ಕ, ನಮ್ಮ ದೊಡ್ಡವ್ವ, ಇರುವುದು ಬೊಮ್ರಾಸಪೇಟೆಯಲ್ಲಿ. ಇಬ್ಬರಿಗೂ ಎಪ್ಪತ್ತು ದಾಟಿದೆ. ಅವ್ವನ ಮೊಣಕಾಲು ಹಟ ಹಿಡಿದು, ಬಸ್ಸು ಹತ್ತಲಾಗದೆ, ಎರಡು ವರ್ಷದಿಂದ ಅಕ್ಕತಂಗಿಯರು ಫೋನಿನಲ್ಲೇ ಜಗಳಾಡುತ್ತಿದ್ದರು. "ಫೋನಿನ್ಯಾಗ ಜಗಳಾಡಿದ್ರ ಹೊಟ್ಟಿ ತುಂಬಲ್ಲಪಾ. ಒಮ್ಮಿ ಎದುರಿಗಿ ಕುಂತು ಬೈಬೇಕು" ಎಂದು ಅವ್ವ ಅಂದ ದಿನ ನನಗೆ ನಗೆಯೂ ಬಂತು, ಕರುಳೂ ಚುರ್ ಎಂದಿತು. ನಮ್ಮ ಕಡೆಯ ರಸ್ತೆಗಳಲ್ಲಿ ಸಣ್ಣ ಕಾರು ಹೊಟ್ಟೆ ಉಜ್ಜಿಕೊಳ್ಳುತ್ತದೆ. ಹೀಗಾಗಿ ಎತ್ತರದ ಎಸ್‌ಯುವಿಯೇ ಆಗಬೇಕು, ಸೆಕೆಂಡ್ ಹ್ಯಾಂಡ್ ಆದರೂ ಸರಿ ಎಂದು ತೀರ್ಮಾನಿಸಿದೆ.

ಎರಡು ಗಾಡಿ ಸಿಕ್ಕವು. ಜಹೀರಾಬಾದಿನ ಹೆದ್ದಾರಿ ಪಕ್ಕ, ಹಳೆ ಗಾಡಿ ಮಾರುವ ಅಂಗಡಿಯಲ್ಲಿ ಬಿಳಿಯದೊಂದು; ತಾಂಡೂರಿನಲ್ಲಿ ನಿವೃತ್ತ ಕಂಪೌಂಡರ್ ಒಬ್ಬರ ಬಳಿ ಕಂದು ಬಣ್ಣದ್ದೊಂದು. ಎರಡು ವಾರ ಕೂತು ಕೋಷ್ಟಕ ಹಾಕಿದೆ. ಮೈಲೇಜು, ಡಿಕ್ಕಿ, ಏರ್‌ಬ್ಯಾಗು, ಟಚ್‌ಸ್ಕ್ರೀನ್ ಪರದೆಯ ಅಗಲ, ಚಾವಣಿಯಲ್ಲಿ ಕಿಟಕಿ ಇದೆಯೋ ಇಲ್ಲವೋ, ಹೀಗೆ ಮೂವತ್ತೆರಡು ಸಾಲು. ಚಾವಣಿಯ ಕಿಟಕಿಯಿಂದ ತಲೆ ಹೊರಗಿಟ್ಟು ನಿಲ್ಲುವ ವಯಸ್ಸು ನಮ್ಮ ಮನೆಯಲ್ಲಿ ಯಾರದೂ ಅಲ್ಲ. ಆದರೂ ಅದಕ್ಕೆ ಐದು ಅಂಕ ಕೊಟ್ಟೆ. ಬಿಳಿಯದೇ ಗೆದ್ದಿತು.

ನೋಡಲು ಹೋಗುವಾಗ ಸಿದ್ದಪ್ಪ ಕಾಕಾನನ್ನು ಜೊತೆಗೆ ಕರೆದುಕೊಂಡೆ. ಅಪ್ಪನ ತಮ್ಮ, ಆಯುಷ್ಯವೆಲ್ಲ ಕುರಿ ಕಾಯ್ದವನು, ಸೈಕಲ್ಲನ್ನೂ ತುಳಿದವನಲ್ಲ. ಹಿರಿಯರನ್ನು ಬಿಟ್ಟು ದೊಡ್ಡ ವಸ್ತು ತರಬಾರದೆಂಬ ಮನೆಯ ಪದ್ಧತಿಗಾಗಿ ಕರೆದೆನೇ ಹೊರತು ಸಲಹೆಗಾಗಿ ಅಲ್ಲ. "ಕಾಕಾ, ಒಳಗ ಕುಂತು ನೋಡ್ರಿ" ಎಂದೆ.

"ಕುರಿ ತಗೊಳ್ಳಾಕ ಹೋದ್ರ ಮ್ಯಾಲ ಕುಂತು ನೋಡ್ತಾರೇನೋ? ಮುಂದ ನಡಸಾಕ ಹೇಳು. ನಾ ಹಿಂದಿಂದ ನೋಡ್ತೀನಿ."

ಅಂಗಡಿಯವನು ಗಾಡಿ ಓಡಿಸಿದ. ಕಾಕಾ ರಸ್ತೆಯಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕಣ್ಣು ಕಿರಿದು ಮಾಡಿ ನೋಡಿದ. ಎರಡು ಸಲ ಓಡಿಸಿದ ಮೇಲೆ ಎದ್ದು ಪಂಚೆ ಕೊಡವಿಕೊಂಡ. "ಓರಿ ನಡೀತದ. ಟೊಂಕ ಎಡಕ್ಕ ಸರದದ."

"ಚಾಚಾ, ಇದು ಬಕ್ರಾ ಅಲ್ರಿ, ಗಾಡಿ" ಎಂದು ಅಂಗಡಿಯವನು ನಕ್ಕ. ಅವನಿಗಿಂತ ಜೋರಾಗಿ ನಾನು ನಕ್ಕೆ. ಕಾಕಾನ ಬಾಯಿ ಮುಚ್ಚಿಸಲೆಂದೇ ಪಕ್ಕದ ಗ್ಯಾರೇಜಿನವನನ್ನು ಕರೆಸಿದ್ದಾಯಿತು. ಅವನು ಅಡಿಯಲ್ಲಿ ತೂರಿ, ಟೇಪು ಹಿಡಿದು, ಹೊರಬಂದು ತಲೆ ಕೆರೆದುಕೊಂಡ. ಎಲ್ಲೋ ಗುದ್ದಿಸಿಕೊಂಡ ಗಾಡಿ; ಹಿಂದಿನ ಆಕ್ಸಲ್ ಒಂದು ಬದಿಗೆ ಸರಿದಿತ್ತು, ಮೇಲೆ ಬಣ್ಣ ಬಳಿದಿದ್ದರು. ಅಂಗಡಿಯವನ ಮುಖ ಇಳಿದುಹೋಯಿತು. ಪಾಪ, ಅವನೂ ಅದನ್ನು ಒಳ್ಳೆಯದೆಂದೇ ನಂಬಿ ತಂದಿದ್ದ. ಕಾಕಾನಿಗೆ ಚಹಾ ತರಿಸಿ, "ಚಾಚಾ, ಉಳಿದ ನಾಕು ಗಾಡೀನೂ ಒಮ್ಮಿ ನೋಡಿಬಿಡ್ರಿ" ಎಂದು ಕೈಮುಗಿದ. ಕಾಕಾ ಗಂಭೀರನಾಗಿ ನೋಡಿ ಇನ್ನೊಂದನ್ನೂ ಫೇಲು ಮಾಡಿದ. ನಾನು ಕೋಷ್ಟಕವನ್ನು ಮಡಚಿ ಜೇಬಿಗಿಟ್ಟುಕೊಂಡೆ.

ತಾಂಡೂರಿನ ಕಂದು ಗಾಡಿ ನೆಟ್ಟಗೆ ನಡೆಯಿತು. ಕಾಕಾ ತಲೆಯಾಡಿಸಿದ, ಗಾಡಿ ಮನೆಗೆ ಬಂತು. ಅವ್ವ ಇಳಕಲ್ ಸೀರೆ ಉಟ್ಟು, ಅಕ್ಕನಿಗಾಗಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊರಬಂದಳು. ಬಾಗಿಲು ತೆರೆದೆ. ಅವ್ವ ಕಾಲೆತ್ತಿದಳು. ಪಾದ ಅರ್ಧ ದಾರಿಯಲ್ಲೇ ನಿಂತಿತು.

"ಯಪ್ಪಾ, ಇದಕಿಂತ ಬಸ್ಸೇ ಛಲೋ ಇತ್ತಲ್ಲೋ!"

ನಾನು ಕಾಕಾನ ಮುಖ ನೋಡಿದೆ. "ನಡಿಗಿ ನಾ ನೋಡೀನಿ. ಏರೂದು ನೀ ನೋಡಬೇಕಿತ್ತು" ಎಂದ. ಮೂವತ್ತೆರಡು ಸಾಲಿನಲ್ಲಿ ಅವ್ವನ ಮೊಣಕಾಲಿಗೆ ಒಂದು ಸಾಲೂ ಇರಲಿಲ್ಲ. ನಾಚಿಕೆಯಿಂದ ಭೂಮಿಗಿಳಿದುಹೋದೆ ಎನ್ನುತ್ತಾರಲ್ಲ, ನಾನು ನಿಜವಾಗಿಯೂ ಇಳಿದೆ: ಒಂದು ಕಾಲು ಮಡಚಿ ಕೂತು, "ಇಲ್ಲಿ ಕಾಲಿಡವ್ವ" ಎಂದು ತೊಡೆ ತೋರಿಸಿದೆ. "ನಿನ್ನ ಮ್ಯಾಲ ಹ್ಯಾಂಗ ಇಡ್ಲೋ" ಎಂದು ಅವಳ ಕಣ್ಣು ತುಂಬಿದವು. ತುಂಬಿದ ಕಣ್ಣಲ್ಲೇ ಇಟ್ಟಳು, ಏರಿದಳು.

ಬೊಮ್ರಾಸಪೇಟೆಯಲ್ಲಿ ಅಕ್ಕತಂಗಿಯರು ಮೊದಲು ಅತ್ತರು, ಆಮೇಲೆ ಸಂಜೆಯವರೆಗೆ ಹೊಟ್ಟೆ ತುಂಬ ಜಗಳಾಡಿದರು. ಅಷ್ಟಕ್ಕೂ ತೃಪ್ತಿಯಾಗದೆ ದೊಡ್ಡವ್ವ ನಾಲ್ಕು ದಿನಕ್ಕೆಂದು ನಮ್ಮ ಜೊತೆಗೇ ಹೊರಟಳು. ನಾನು ಮತ್ತೆ ಕೂತೆ. ಅವ್ವ ಏರಿದಳು. ಅವ್ವನ ಒಂದೂವರೆಯಷ್ಟು ತೂಕದ ದೊಡ್ಡವ್ವ ನನ್ನ ತೊಡೆಯ ಮೇಲೆ ನಿಂತೇ ಕೇಳಿದಳು: "ಗಾಡಿ ಭಾಳ ಎತ್ತರ ಆತಲ್ಲೇ, ಯಾರು ಆರಿಸ್ಯಾರ?"

"ನನ್ನ ಮಗನೇ. ಎರಡ ವಾರ ಲೆಕ್ಕ ಹಾಕ್ಯಾನ" ಎಂದಳು ಅವ್ವ, ಹೆಮ್ಮೆಯಿಂದ.

ಬಾಗಿಲು ಮುಚ್ಚಿತು, ಒಳಗೆ ಜಗಳ ಮುಂದುವರಿಯಿತು. ನಾನು ಚಕ್ರ ಹಿಡಿದು ಏಳಲು ನೋಡಿದೆ, ಆಗಲಿಲ್ಲ. ಗಾಡಿ ಓಡಿಸಬೇಕಾದವನು ಇನ್ನೂ ನೆಲದ ಮೇಲೇ ಇದ್ದಾನೆಂಬುದು ಇಬ್ಬರಿಗೂ ಹೊಳೆಯಲು ಐದು ನಿಮಿಷ ಬೇಕಾಯಿತು.