ಐವತ್ತೆಂಟರ ಸೊಂಟ

ಪ್ರೆಸ್ಸಿನಲ್ಲಿ ಕರಡು ತಿದ್ದುವವರನ್ನು ಎಲ್ಲರೂ ‘ಕೊಂಬು ಸಾರ್’ ಎನ್ನುತ್ತಿದ್ದರು. ಯಾವ ಅಕ್ಷರಕ್ಕೆ ಕೊಂಬು ಬಿಟ್ಟುಹೋಗಿದ್ದರೂ ಅದು ಅವರಿಗೆ ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚುತ್ತಿತ್ತು. “ನನ್ನ ಕಣ್ಣು ತಪ್ಪಿಸಿ ಇಲ್ಲಿ ಸೊಳ್ಳೆ ಕೂಡ ಅಚ್ಚಾಗಲ್ಲ” ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಚಹಾ ರುಚಿಸುತ್ತಿರಲಿಲ್ಲ.

ಆ ಬೆಳಿಗ್ಗೆ ಚಹಾ ಕುಡಿಯುತ್ತ, ಹಿಂದಿನ ದಿನವಷ್ಟೇ ಅಚ್ಚಾದ ಆರೋಗ್ಯದ ಕರಪತ್ರವೊಂದನ್ನು ಕೈಗೆತ್ತಿಕೊಂಡರು. ಕರಡಿನಲ್ಲಿ ಅದನ್ನು ಮೂರು ಸಲ ಓದಿದ್ದರು, ಆದರೆ ಅಕ್ಷರಕ್ಕಾಗಿ. ಅರ್ಥಕ್ಕಾಗಿ ಓದಿದ್ದು ಇದೇ ಮೊದಲು. ಹೊಟ್ಟೆಯ ಸುತ್ತ ಸೇರುವ ಕೊಬ್ಬು ಆಯಸ್ಸನ್ನು ತಿನ್ನುತ್ತದೆ. ಸೊಂಟದ ಸುತ್ತಳತೆ ಎತ್ತರದ ಅರ್ಧದೊಳಗಿರಲಿ. ಗಂಟೆಗಟ್ಟಲೆ ಕೂತಿರುವುದು, ಕರಿದ ತಿಂಡಿ, ಸಿಗರೇಟು ಸಾವನ್ನು ಹತ್ತಿರ ಕರೆಯುತ್ತವೆ. ಕೆಳಗೊಂದು ಪಟ್ಟಿ. ಎತ್ತರ ನೂರೆಪ್ಪತ್ತು ಸೆಂಟಿಮೀಟರ್ ಇದ್ದವರಿಗೆ ಸೊಂಟ ಹೆಚ್ಚೆಂದರೆ ಐವತ್ತೆಂಟು.

ಕೊಂಬು ಸಾರ್ ಎತ್ತರ ಸರಿಯಾಗಿ ನೂರೆಪ್ಪತ್ತು.

“ಅಕ್ಕಾ, ಒಂದಿಷ್ಟು ದಾರ!” ಎನ್ನುತ್ತ ಬೈಂಡಿಂಗ್ ಅಕ್ಕನ ಬಳಿಗೆ ಓಡಿದರು. ಅಕ್ಕ ಪುಸ್ತಕ ಹೊಲಿಯುವ ದಾರವನ್ನು ಅವರ ಸೊಂಟಕ್ಕೆ ಸುತ್ತಿ, ಅಳತೆಪಟ್ಟಿಗೆ ಹಿಡಿದು, ರಟ್ಟು ಅಳೆದಷ್ಟೇ ತಣ್ಣಗೆ ಹೇಳಿದರು, “ಎಂಬತ್ತನಾಲ್ಕು.”

“ಇಪ್ಪತ್ತಾರು ಜಾಸ್ತಿ!” ಕೊಂಬು ಸಾರ್ ನೆನೆದ ಕಾಗದದಂತೆ ಮೆತ್ತಗಾದರು.

ಕುಂಬಳಕಾಯಿ ನುಂಗಿದಂತಿದ್ದ ಮಷಿನ್‌ಮನ್ ತಾನೂ ಅಳೆಸಿಕೊಂಡ. ಎತ್ತರ ನೂರರವತ್ತು, ಸೊಂಟ ತೊಂಬತ್ತಾರು. ಪಟ್ಟಿಯಲ್ಲಿ ಅವನಿಗೆ ಎಂಬತ್ತು. “ನಂದು ಬರೀ ಹದಿನಾರು ಜಾಸ್ತಿ! ಅಯ್ಯೋ ಸಾರ್, ನೋಡೋಕೆ ಕಡ್ಡಿ ಥರ ಇದೀರಿ, ಒಳಗೆಲ್ಲಾ ಕೊಬ್ಬು!”

“ಅದು ನಮಗೆ ಮೊದಲೇ ಗೊತ್ತಿತ್ತು ಬಿಡು,” ಎಂದರು ಅಕ್ಕ.

ಆಮೇಲೆ ಎಲ್ಲರೂ ಸೇರಿ ಅವರನ್ನು ಉಳಿಸಲು ನಿಂತರು. “ಕೂತ್ರೆ ಸಾಯ್ತೀರ” ಎಂದು ಅಕ್ಕ ಅವರ ಕುರ್ಚಿ ಎಳೆದುಕೊಂಡು ಅದರ ಮೇಲೆ ಬಂಡಲ್ ಪೇರಿಸಿದರು. “ಕರಿದದ್ದು ನಿಮಗೆ ವಿಷ” ಎಂದು ಮಷಿನ್‌ಮನ್ ಅವರ ತಿಂಡಿಯ ಡಬ್ಬಿ ಕಸಿದು, ಆ ವಿಷವನ್ನೆಲ್ಲ ತಾನೇ ನುಂಗಿದ. ಪ್ರೆಸ್ಸಿನ ಯಜಮಾನರು ಅವರನ್ನು ಮಹಡಿಯ ಗೋದಾಮಿಗೆ ಹತ್ತು ಸಲ ಹತ್ತಿಳಿಸಿದರು. ಮಧ್ಯಾಹ್ನದ ಹೊತ್ತಿಗೆ ಕೊಂಬು ಸಾರ್ ಕಂಬಕ್ಕೊರಗಿ, “ನಾನು ಹೋದ್ಮೇಲೆ ಕೆಂಪು ಪೆನ್ನನ್ನ ಸಿಕ್ಕಸಿಕ್ಕವರಿಗೆ ಕೊಡಬೇಡಿ” ಎನ್ನುತ್ತಿದ್ದರು.

ಅಷ್ಟರಲ್ಲಿ ಫೋನ್ ಬಂತು. ಶಾಲೆಯಲ್ಲಿ ಗಣಿತ ಕಲಿಸುವ ಹೆಂಡತಿ.

“ಏನ್ರೀ, ಯಾರೋ ಪ್ರೆಸ್ಸಿಂದ ಫೋನ್ ಮಾಡಿ, ಧೈರ್ಯ ತಂದ್ಕೊಳ್ಳಮ್ಮಾ ಅಂದ್ರು?”

“ನನ್ನ ಸೊಂಟ ಐವತ್ತೆಂಟು ಇರಬೇಕಿತ್ತಂತೆ ಕಣೇ...”

“ಐವತ್ತೆಂಟು ನನ್ನ ಮೂರನೇ ಕ್ಲಾಸಿನ ಮಕ್ಕಳ ಸೊಂಟ! ಲೆಕ್ಕ ಏನು?”

“ಎತ್ತರದ ಅರ್ಧ.”

“ನೂರೆಪ್ಪತ್ತರ ಅರ್ಧ ಎಷ್ಟು? ನಿಧಾನವಾಗಿ ಹೇಳಿ.”

ಕೊಂಬು ಸಾರ್ ನಿಧಾನವಾಗಿಯೇ ಶುರುಮಾಡಿದರು. “ಎಂಬತ್ತೈದು...” ಆಮೇಲೆ ಮಷಿನ್ನಿನ ಸದ್ದನ್ನೂ ಮೀರಿ ಕೂಗಿದರು, “ಎಂಬತ್ತೈದು! ನಂದು ಎಂಬತ್ತನಾಲ್ಕು! ಇನ್ನೂ ಒಂದು ಉಳಿದಿದೆ!”

ಕುಣಿಯುತ್ತಲೇ ಯಜಮಾನರ ಕೋಣೆಗೆ ನುಗ್ಗಿದರು. “ನಾನು ಬದುಕಿದೆ ಯಜಮಾನ್ರೇ! ಅಂಕಿ ತಿರುವುಮುರುವಾಗಿದೆ. ಎಂಬತ್ತೈದು ಹೋಗಿ ಐವತ್ತೆಂಟಾಗಿದೆ. ಯಾವ ಪುಣ್ಯಾತ್ಮ ನೋಡಿದ್ನೋ ಈ ಕರಡು!”

ಯಜಮಾನರು ಡ್ರಾಯರ್ ಎಳೆದು ಕೊನೆಯ ಕರಡನ್ನು ಮೇಜಿನ ಮೇಲಿಟ್ಟರು. ಪಟ್ಟಿಯಲ್ಲಿ ಐವತ್ತೆಂಟು. ಅದರ ಕೆಳಗೆ ಕೆಂಪು ಶಾಯಿಯಲ್ಲಿ ‘ಎಲ್ಲ ಸರಿಯಿದೆ, ಅಚ್ಚಾಗಲಿ’. ಅದರ ಕೆಳಗೆ ಕೊಂಬು ಸಾರ್ ಸಹಿ.

“ಎರಡು ಸಾವಿರ ಪ್ರತಿ,” ಎಂದರು ಯಜಮಾನರು. “ನಾಳೆ ಬೆಳಿಗ್ಗೆ ಹೋಗಬೇಕು. ಒಂದೊಂದನ್ನೂ ಕೈಯಲ್ಲೇ ತಿದ್ದಿ.”

“ಕುರ್ಚಿ?”

“ಬಂಡಲ್ ಅಡಿಲಿದೆ ಸಾರ್,” ಎಂದ ಮಷಿನ್‌ಮನ್, ಬಾಯೊರೆಸಿಕೊಳ್ಳುತ್ತ. “ನಿಂತ್ಕೊಂಡೇ ತಿದ್ದಿ, ಆಯಸ್ಸು ಹೆಚ್ಚುತ್ತೆ.”

ಸಂಜೆ ಏಳಕ್ಕೆ ಹೆಂಡತಿ ಮತ್ತೆ ಫೋನ್ ಮಾಡಿದರು. “ಈಗ ಸೊಂಟದ ಸಮಾಚಾರ ಏನ್ರೀ?”

ಸಾವಿರದ ಮುನ್ನೂರನೇ ಪ್ರತಿಯ ಮೇಲೆ ಬಗ್ಗಿದ್ದ ಕೊಂಬು ಸಾರ್ ನೆಟ್ಟಗಾಗಲು ನೋಡಿದರು, ಆಗಲಿಲ್ಲ. ಬಗ್ಗಿದಂತೆಯೇ ಉತ್ತರ ಕೊಟ್ಟರು:

“ಅಳತೆ ಸರಿಯಾಗಿದೆ ಕಣೇ. ಹಿಡ್ಕೊಂಡುಬಿಟ್ಟಿದೆ, ಅಷ್ಟೇ.”