ಬಾರ್ಸಿಲೋನಾದಲ್ಲಿ ಮೊಣಕೈವರೆಗೆ

ಮುಟ್ಟಿ ನೋಡದೆ ತರಕಾರಿ ಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಫೋನಿನಲ್ಲಿ ಚಿತ್ರ ನೋಡಿ ಟೊಮೆಟೊ ತರಿಸಿಕೊಳ್ಳುವ ಜನ ನಮ್ಮ ಬೀದಿಗೂ ಬಂದಿದ್ದಾರೆ; ಅವರ ಮನೆಯ ಸಾರಿನ ವಾಸನೆ ಬಂದಾಗಲೆಲ್ಲ ನನಗೆ ಅಯ್ಯೋ ಪಾಪ ಅನ್ನಿಸುತ್ತದೆ. ನಾನು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುತ್ತಿದ್ದವನು. ಗೂಡಿನ ಮಾರುಕಟ್ಟೆಯಲ್ಲಿ ಅರ್ಧ ಆಯಸ್ಸು ಕಳೆದವನು. ಅಲ್ಲಿ ರೈತ ಗೂಡು ಸುರಿದು ನಿಂತರೆ ನಾವು ರಾಶಿಯ ಮೇಲಿನದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮೇಲಿರುವುದು ಮದುವಣಗಿತ್ತಿಯಂತೆ ಸಿಂಗರಿಸಿಕೊಂಡೇ ಇರುತ್ತದೆ, ಅದರಲ್ಲೇನಿದೆ! ತೋಳು ಮಡಿಸಿ, ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು, ಹಿಸುಕಿ, ಕಿವಿಯ ಹತ್ತಿರ ಅಲುಗಾಡಿಸಿ, ಒಳಗಿನ ಹುಳು ಕೊಳೆತಿಲ್ಲ ಎಂದು ಖಾತ್ರಿಯಾದ ಮೇಲೆಯೇ ಬಾಯಿ ಬಿಚ್ಚುತ್ತಿದ್ದೆವು. ಈಗ ಕಸುಬು ಬಿಟ್ಟಿದ್ದೇನೆ. ಕೈ ಮಾತ್ರ ಬಿಟ್ಟಿಲ್ಲ.

ರಾಶಿ ಕಂಡರೆ ಕೈ ತಾನಾಗಿ ಇಳಿಯುತ್ತದೆ. ಕಡಲೆಕಾಯಿ ರಾಶಿ, ಹುಣಿಸೆಹಣ್ಣಿನ ರಾಶಿ, ಕೊನೆಗೆ ಮದುವೆ ಮನೆಯ ಅಕ್ಷತೆಯ ತಟ್ಟೆ, ಯಾವುದೂ ನನ್ನಿಂದ ಉಳಿದಿಲ್ಲ. ನನ್ನ ಷಡ್ಡಕ ನಾಗರಾಜುವಿನ ಮದುವೆಯಲ್ಲಿ ಲಾಡಿನ ಬುಟ್ಟಿಗೆ ಕೈ ಹಾಕಿ ತಳದ್ದೊಂದನ್ನು ಮೇಲೆತ್ತಿ, ಇವು ಇವತ್ತಿನವಲ್ಲ ಎಂದು ಪಂಕ್ತಿಯಲ್ಲೇ ಹೇಳಿಬಿಟ್ಟಿದ್ದೆ. ನಾನು ಹೇಳಿದ್ದು ನಿಜವೇ ಆಗಿತ್ತು. ಆದರೂ ಆತ ಅದನ್ನು ಇನ್ನೂ ಮರೆತಿಲ್ಲ. ನನ್ನ ಹೆಂಡತಿ ಜಯಮ್ಮನಿಗೆ ಆ ಲಾಡು ಹಿಡಿಸಿರಲಿಲ್ಲವಾದ್ದರಿಂದ ಆವತ್ತು ಮಾತ್ರ ಅವಳು ನನ್ನ ಕಡೆಗಿದ್ದಳು.

ಈ ನಾಗರಾಜು ಬಿಡದಿಯಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿದ್ದಾನೆ. ಆ ಕಂಪನಿ ಅವನನ್ನು ಏನೋ ಟ್ರೈನಿಂಗ್ ಎಂದು ಸ್ಪೇನಿನ ಬಾರ್ಸಿಲೋನಾಕ್ಕೆ ಕಳಿಸಿ, ಅಡುಗೆಮನೆ ಇರುವ ಒಂದು ಫ್ಲಾಟನ್ನೂ ಕೊಟ್ಟಿತು. ಸರಿ, ಅವನು ಹೆಂಡತಿ ಪ್ರೇಮಳನ್ನು ಕರೆದ. ಪ್ರೇಮ ಅಕ್ಕನನ್ನು ಬಿಟ್ಟು ಬರುವುದಿಲ್ಲ ಎಂದಳು. ಅಕ್ಕ ಎಂದರೆ ಜಯಮ್ಮ. ಜಯಮ್ಮನ ಸೂಟ್‌ಕೇಸು ಎಳೆಯಲು ಒಬ್ಬ ಬೇಕಿತ್ತು. ನಾನು ವಿದೇಶಕ್ಕೆ ಹೋಗಿಬಂದೆ ಎಂದು ಊರಲ್ಲಿ ಯಾರಾದರೂ ಹೇಳಿದರೆ, ಇದೇ ಅದರ ಹಿನ್ನೆಲೆ.

ಊಟದ ವಿಷಯಕ್ಕೇ ಗ್ರಹಚಾರ ಕೆಟ್ಟಿತು. ಜಯಮ್ಮ ಮಾಂಸ ಬಿಟ್ಟು ವರ್ಷಗಳಾದವು, ಆ ದೇಶದಲ್ಲಿ ಬಟಾಣಿಗೂ ಹಂದಿಯ ಚೂರು ಬೆರೆಸುತ್ತಾರೆ. ಗಟ್ಟಿ ಬ್ರೆಡ್ಡು ಬಾಳೆಹಣ್ಣಿನಲ್ಲಿ ದಿನ ದೂಡಿ ಅವಳ ಮುಖ ಸುಟ್ಟ ಬದನೆಕಾಯಿಯಂತಾಯಿತು. ಸೂಟ್‌ಕೇಸಿನಲ್ಲಿ ರಾಗಿಹಿಟ್ಟೇನೋ ಇತ್ತು. ಆದರೆ ಫ್ಲಾಟಿನಲ್ಲಿ ಮುದ್ದೆ ತೊಳಸಲು ಕೋಲಿಲ್ಲ. ಇದ್ದ ಪ್ಲಾಸ್ಟಿಕ್ ಸೌಟು ಮೊದಲ ತಿರುವಿಗೇ ಸೊಂಟ ಬಗ್ಗಿಸಿಕೊಂಡಿತು, ಹಿಟ್ಟು ಗಂಟುಗಂಟಾಗಿ ಕಸದ ಬುಟ್ಟಿ ಸೇರಿತು. ಜಯಮ್ಮ ತಣ್ಣಗೆ ಹೇಳಿದಳು: "ನಂಗೇನು ಅರಮನೆ ಊಟ ಬ್ಯಾಡ. ಒಂದ್ ಮುದ್ದೆ, ಒಸಿ ಬಸ್ಸಾರು. ಅಷ್ಟು ಮಾಡ್ಸಾಕಾಗ್ದಿದ್ರೆ ನನ್ನ ನಾಳೇನೆ ಊರಿಗೆ ಕಳ್ಸ್‌ಬುಡಿ." ಅವಳು ಜೋರಾಗಿ ಮಾತಾಡಿದರೆ ಭಯವಿಲ್ಲ, ತಣ್ಣಗೆ ಮಾತಾಡಿದರೆ ಮಾಡಿಯೇ ತೀರುತ್ತಾಳೆ. ನಾನು ಎದೆ ತಟ್ಟಿಕೊಂಡು, "ಯಾವ ದೇಶದ ಮಾರ್ಕೆಟ್ಟಾದ್ರೇನೇ, ಕಾಳು ಸೊಪ್ಪು ಆರಿಸೋದು ನಂಗೆ ಬುಡು" ಎಂದೆ.

ನಾಗರಾಜು ನಮ್ಮನ್ನು ಆ ಊರಿನ ದೊಡ್ಡ ಮಾರ್ಕೆಟ್ಟಿಗೆ ಕರೆದೊಯ್ದ. ದೊಡ್ಡದು ಎಂದರೆ ಚಾವಣಿ ದೊಡ್ಡದು, ಅಷ್ಟೆ. ಒಬ್ಬನೂ ಕೂಗುತ್ತಿರಲಿಲ್ಲ. ಕೂಗಾಟವಿಲ್ಲದ ಮಾರ್ಕೆಟ್ಟು ಎಂದರೆ ಏನದು, ಲೈಬ್ರರಿಯೇ? ಕನಕಪುರದ ಸಂತೆಯಲ್ಲಿ ಒಬ್ಬ ಸೊಪ್ಪಿನವಳು ಬಾಯಿ ತೆಗೆದರೆ ಬಸ್ಸಿನಲ್ಲಿ ಕೂತವನೂ ಇಳಿದು ಬರುತ್ತಾನೆ. ಇಲ್ಲಿ ಹಣ್ಣನ್ನು ಕತ್ತರಿಸಿ ಲೋಟಕ್ಕೆ ತುಂಬಿ ಇಟ್ಟಿದ್ದರು. ಬಂದವರು ಅದರ ಫೋಟೊ ತೆಗೆದು ಮುಂದೆ ಹೋಗುತ್ತಿದ್ದರು. ಕೊಳ್ಳುವವರು ಯಾರು ಎಂದು ಹುಡುಕಿದರೆ ಒಬ್ಬ ಅಜ್ಜಿ ಕಂಡಳು, ಅವಳೂ ಬೈದುಕೊಳ್ಳುತ್ತಲೇ ಜನರನ್ನು ತಳ್ಳಿಕೊಂಡು ಹೋಗುತ್ತಿದ್ದಳು. ಹಂದಿಯ ತೊಡೆಗಳನ್ನು ಗೊರಸಿನ ಸಮೇತ ಸಾಲಾಗಿ ನೇತುಹಾಕಿ, ಕೊಬ್ಬು ತೊಟ್ಟಿಕ್ಕದಂತೆ ಒಂದೊಂದರ ಕೆಳಗೂ ಪುಟ್ಟ ಕೊಡೆ ತಲೆಕೆಳಗಾಗಿ ಸಿಕ್ಕಿಸಿದ್ದರು. ಆ ಹಂದಿ ಬದುಕಿದ್ದಾಗ ಅದಕ್ಕೆ ಯಾರೂ ಕೊಡೆ ಹಿಡಿದಿರಲಾರರು. ಪಕ್ಕದಲ್ಲಿ ಬುಟ್ಟಿ ತುಂಬ ಜೀವಂತ ಬಸವನಹುಳು. ನಮ್ಮ ತೋಟದಲ್ಲಿ ಉಪ್ಪು ಹಾಕಿ ಓಡಿಸುವುದನ್ನು ಇವರು ಉಪ್ಪು ಹಾಕಿ ತಿನ್ನುತ್ತಾರೆ ಎಂದು ತಿಳಿದು, ಜಯಮ್ಮ ಸೆರಗು ಮೂಗಿಗೆ ಒತ್ತಿಕೊಂಡಳು.

"ಭಾವ, ನಿಮ್ಮ ದಮ್ಮಯ್ಯ, ಇಲ್ಲಿ ಏನೂ ಮುಟ್‌ಬೇಡಿ. ಬೇಕಾದ್ದನ್ನ ತೋರ್ಸಿ, ಅವ್ರೇ ತಕ್ಕೊಡ್ತಾರೆ" ಎಂದು ನಾಗರಾಜು ದಾರಿಯುದ್ದಕ್ಕೂ ಜಪ ಮಾಡುತ್ತಿದ್ದ. ನಾನು ಹೂಂ ಎಂದೆ. ಹೆಣ್ಣು ನೋಡುವ ಶಾಸ್ತ್ರದಲ್ಲೂ ಎರಡು ಮಾತಾಡಿಸಿ ನೋಡುತ್ತಾರೆ, ತರಕಾರಿಗೆ ಅಷ್ಟೂ ಇಲ್ಲವೇ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಅಷ್ಟರಲ್ಲಿ ಕಂಡಿತು. ಮಾರ್ಕೆಟ್ಟಿನ ಹಿಂಬದಿಯ ಮೂಲೆಯಲ್ಲಿ, ದಪ್ಪನೆಯ ಹೆಂಗಸೊಬ್ಬಳ ಅಂಗಡಿಯಲ್ಲಿ, ಪಾಲಕ್ಕಿನಂಥ ಸೊಪ್ಪು, ಅದರ ಪಕ್ಕ ಹಸಿರು ಕಾಯಿಯ ರಾಶಿ. ನಮ್ಮ ಅವರೆಕಾಯಿಗೆ ದೊಡ್ಡಪ್ಪನಂತಿತ್ತು. ಜಯಮ್ಮ ಆ ದೇಶಕ್ಕೆ ಕಾಲಿಟ್ಟ ಮೇಲೆ ಮೊದಲ ಸಲ ನಕ್ಕಳು. "ಅವರೆಕಾಯಿ ಕಣ್ರೀ!" ಎಂದಳು. ಅವಳು ನಕ್ಕದ್ದೊಂದು ಗೊತ್ತು. ಆಮೇಲಿನದು ನನ್ನ ಕೈಗೆ ಗೊತ್ತು. ತೋಳು ಮಡಿಸಿದ್ದೂ ಆಯಿತು, ಕೈ ಇಳಿದದ್ದೂ ಆಯಿತು. ತಳದ ಹಿಡಿಯನ್ನು ಎಳೆದೆ ನೋಡಿ, ಅಲ್ಲಿತ್ತು ಅವರ ಮೋಸ! ಅದು ರಾಶಿಯೇ ಅಲ್ಲ. ಇಳಿಜಾರಿನ ಹಲಗೆಯ ಮೇಲೆ ಚಂದಕ್ಕೆಂದು ಒಂದಕ್ಕೊಂದು ಆನಿಸಿ ಜೋಡಿಸಿದ ನಾಟಕ. ಕಾಯಿ ಜಾರಿತು, ಕಾಯಿಗೆ ಆತುಕೊಂಡಿದ್ದ ಕಿತ್ತಳೆಯ ಗೋಪುರ ಕುಸಿಯಿತು, ಫೋಟೊದವರ ಕಾಲಡಿಯಲ್ಲೆಲ್ಲ ಕಿತ್ತಳೆ ಉರುಳಿತು. ಅಂಗಡಿಯವಳು ಕೂಗಿದಳು ನೋಡಿ! ಅಬ್ಬಾ, ಎಂಥ ಕಂಠ! ಕೊನೆಗೂ ಒಂದು ಮಾರ್ಕೆಟ್ಟಿಗೆ ಬಂದ ಹಾಗಾಯಿತು ಎಂದು ಆ ಗಲಾಟೆಯಲ್ಲೂ ನನಗೆ ಒಂದು ಗಳಿಗೆ ಖುಷಿಯಾದದ್ದು ಸುಳ್ಳಲ್ಲ.

ಜಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಏನಮ್ಮಿ ಅಂಗ್ ಕೂಗಾಡ್ತೀಯ? ಉರುಳೋಗಿದ್ದ ಎತ್ತಿ ಕೊಡಾಕಿಲ್ವ ನಾವು? ನಿನ್ ಕಿತ್ಲೆಹಣ್ಣೇನು ಚಿನ್ನದ್ದಾ?" ಆ ಹೆಂಗಸು ಸ್ಪಾನಿಷಿನಲ್ಲಿ ಏನೋ ಅಂದಳು. ಜಯಮ್ಮ ಕನ್ನಡದಲ್ಲಿ ತಿರುಗಿ ಕೊಟ್ಟಳು. ನಡುವೆ ಭಾಷಾಂತರ ಮಾಡಲು ಫೋನು ಹಿಡಿದುಕೊಂಡ ನಾಗರಾಜುವನ್ನು ಇಬ್ಬರೂ ಬದಿಗೆ ತಳ್ಳಿದರು. ಹಣ್ಣೆಲ್ಲ ಆರಿಸಿ ಕೊಟ್ಟೆವು. ಆದರೆ ಕಾಯಿ ಬೇಕು ಎಂದರೆ ಆಕೆ ನನ್ನತ್ತ ಬೆರಳು ತೋರಿಸಿ ಇಲ್ಲ ಎಂದು ತಲೆಯಾಡಿಸಿಬಿಟ್ಟಳು. ಫ್ಲಾಟಿಗೆ ಬಂದವಳೇ ಜಯಮ್ಮ ಸೂಟ್‌ಕೇಸು ಎಳೆದು ಸೀರೆ ಮಡಿಸತೊಡಗಿದಳು.

ಮಾರನೆಯ ದಿನ ನಾಗರಾಜು ಹೆದರಿ ಹೆದರಿ, "ಅಕ್ಕ, ಹಳೇ ಸಾಮಾನಿನ ಸಂತೆ ಒಂದೈತೆ, ನೋಡ್ಕಂಡ್ ಬರಾನ ಬನ್ನಿ. ಅಲ್ಲಿ ಎಲ್ಲಾನೂ ಮುಟ್‌ಬೋದು" ಎಂದ. ಕೊನೆಯ ಮಾತು ನನಗಾಗಿ. ಹೋದೆವು. ಅಯ್ಯೋ ಶಿವನೇ, ನಮ್ಮ ಗುಜರಿಯವನು ಗಾಡಿಯಿಂದ ಕೆಳಗೆಸೆದು ಹೋಗುವ ಸಾಮಾನನ್ನು ಜಮಖಾನದ ಮೇಲೆ ಹರಡಿಕೊಂಡು ಕೂತಿದ್ದರು! ಬೀಗವಿಲ್ಲದ ಬೀಗದ ಕೈಗಳು. ಒಂಟಿ ಬೂಟು. ಮೂತಿ ಮುರಿದ ಟೀ ಪಾತ್ರೆ. ಯಾರದೋ ಮದುವೆಯ ಆಲ್ಬಮ್ಮು. ನಮ್ಮ ತಾತ ಮುತ್ತಾತಂದಿರ ಫೋಟೊಗಳನ್ನೇ ಧೂಳು ಒರೆಸದೆ ಬಿಟ್ಟಿದ್ದೇವೆ, ಕಂಡವರ ತಾತನನ್ನು ದುಡ್ಡು ಕೊಟ್ಟು ಮನೆಗೆ ತರುವವರೂ ಇದ್ದಾರೆ ಎಂದರೆ ಏನು ಹೇಳುವುದು? "ವಿಂಟೇಜು ಭಾವ" ಎಂದ ನಾಗರಾಜು. "ಹಂಗಾದ್ರೆ ನಾನೂ ಇಲ್ಲೇ ಒಂದು ಜಮಖಾನ ಹಾಸ್ಕಂಡು ಕೂತ್ಕತೀನಿ" ಎಂದೆ. ಜಯಮ್ಮ, "ಯಾರ್ ತಕಂಡಾರು?" ಎಂದಳು. ಹಿಂದಿನ ದಿನದಿಂದ ಅವಳು ನನಗೆ ಆಡಿದ ಮೊದಲ ಮಾತು ಅದು.

ಒಬ್ಬ ಮುದುಕನ ಮುಂದೆ ಮರದ ತುಂಡುಗಳ ಗುಡ್ಡೆಯಿತ್ತು. ನಾನು ಈ ಸಲ ಕೈ ಹಾಕಲಿಲ್ಲ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ. ಕೈ ಹಾಕಿದವಳು ಜಯಮ್ಮ. ಮುರಿದ ಕುರ್ಚಿಯ ಕಾಲೊಂದನ್ನು ಎಳೆದುಕೊಂಡಳು. ಗುಂಡಗೆ, ನುಣ್ಣಗೆ, ಹಿಡಿಗೆ ಹೇಳಿ ಮಾಡಿಸಿದಂತಿತ್ತು. ಮುದುಕ ಅದು ಯಾವುದೋ ದೊಡ್ಡ ಮನೆತನದ ಕುರ್ಚಿ ಎಂದು ನಾಗರಾಜುವಿನ ಫೋನಿನ ಮೂಲಕ ಪುರಾಣ ಶುರು ಮಾಡಿದ. ಜಯಮ್ಮನಿಗೆ ಮನೆತನದ ಗೊಡವೆ ಬೇಡ. ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ, ಗಾಳಿಯಲ್ಲೇ ಗರಗರ ಮುದ್ದೆ ತೊಳಸಿ ನೋಡಿದಳು. ಮುದುಕ ತಟ್ಟನೆ ಹಿಂದಕ್ಕೆ ಸರಿದು, ತಾನಾಗಿಯೇ ಬೆಲೆ ಇಳಿಸಿದ. ಆ ಕೋಲು ಸೆರಗಿನ ಮರೆಯಲ್ಲಿ ಹಿಡಿದುಕೊಂಡು ಅವಳು ಮೆಟ್ರೋದಲ್ಲಿ ಕೂತಾಗ ಅಕ್ಕಪಕ್ಕದ ಸೀಟುಗಳು ಖಾಲಿಯಾದವು.

ಇನ್ನು ಸಾರಿನದೇ ಚಿಂತೆ. ಅದರ ಮರುದಿನ ಬೆಳಗ್ಗೆ ಅಕ್ಕತಂಗಿ ಇಬ್ಬರೇ ಹೊರಟರು. ನಾನು ಚಪ್ಪಲಿ ಹಾಕಿಕೊಳ್ಳಲು ಹೋದರೆ, "ನೀವು ಬಂದ್ರೆ ನಾ ಬರಾಕಿಲ್ಲ" ಎಂದಳು ಜಯಮ್ಮ. ಬರಿಗೈಯಲ್ಲಿ ಬರುತ್ತಾರೆ, ಆಗ ನೋಡೋಣ ಎಂದು ಕಿಟಕಿಯಲ್ಲಿ ಕೂತೆ. ಬಂದರು. ಚೀಲದ ತುಂಬ ಅದೇ ಕಾಯಿ, ಅದೇ ಸೊಪ್ಪು, ಮೇಲೆ ಕೊತ್ತಂಬರಿಯಂಥದೊಂದು ಕಟ್ಟು.

"ಆ ಜಗಳಗಂಟಿ ಅಂಗಡೀದಾ?" ಎಂದೆ.

"ಜಗಳಗಂಟಿ ಯಾಕಾದಾಳು? ನಾನು ನಿಮ್ಮ ಬಗ್ಗೆ ಹಿಂಗಂದೆ" ಎಂದು ಜಯಮ್ಮ ತಲೆಯ ಪಕ್ಕ ಬೆರಳು ತಿರುಗಿಸಿ ತೋರಿಸಿದಳು. "ಅವ್ಳು ಬಿದ್ದು ಬಿದ್ದು ನಗಾಡ್ಬುಟ್ಟು, ಹಿಂದ್ಗಡೆ ಮೂಟೆ ಇಳಿಸ್ತಿದ್ದ ಗಂಡನ್ನ ತೋರ್ಸಿ ಅವ್ಳೂ ಹಂಗೇ ಅಂದ್ಲು. ಪಾಪ, ಎಲ್ಲಾ ಕಡೇನೂ ಇದೇ ಗೋಳು. ಈ ಕಟ್ಟು ಕೊಸರು, ಸುಮ್ನೆ ಕೊಟ್ಳು." ಕೊಂಡದ್ದರ ಮೇಲೆ ಒಂದಿಷ್ಟು ಕೊಸರು ಗಿಟ್ಟಿಸುವುದರಲ್ಲಿ ನಾನೇ ನಿಸ್ಸೀಮ ಎಂದುಕೊಂಡಿದ್ದೆ. ನನ್ನ ಹೆಸರು ಹೇಳಿ ಕೊಸರು ಗಿಟ್ಟಿಸಿದವಳನ್ನು ಕಂಡದ್ದು ಅದೇ ಮೊದಲು.

ಕಾಯಿ ಬಿಡಿಸುವ ಕೆಲಸ ನನಗೆ ಬಿತ್ತು. ನಾನು ಮನಸ್ಸಿಟ್ಟು ಬಿಡಿಸಿದೆ. ಕಾಳಿಗಲ್ಲ, ಹುಳುಕಿಗೆ. ಒಂದೇ ಒಂದು ಹುಳುಕು ಸಿಕ್ಕಲಿ, ನಾನು ಕೈ ಇಳಿಸಿದ್ದು ಸುಮ್ಮನೆ ಅಲ್ಲ ಎಂದು ಎಲ್ಲರ ಮುಂದೆ ಹಿಡಿದು ತೋರಿಸುತ್ತೇನೆ ಎಂದು ಚೀಲದ ತಳದವರೆಗೂ ಹೋದೆ. ಹಾಳಾದ ಜನ, ಒಂದೂ ಇಟ್ಟಿರಲಿಲ್ಲ. ಮೇಲಿನದು ಹೇಗೋ ತಳದ್ದೂ ಹಾಗೇ. ನನ್ನ ಕಸುಬಿಗೇ ಅವಮಾನ ಮಾಡಿದಂತಾಯಿತು.

ಕುರ್ಚಿಯ ಕಾಲಿನಲ್ಲಿ ತೊಳಸಿದ ಮುದ್ದೆ ಒಂದು ಗಂಟಿಲ್ಲದೆ ಬಂತು. ಬಸ್ಸಾರಿನ ವಾಸನೆಗೆ ನಾಗರಾಜು ಟೈ ಬಿಚ್ಚಿ ನೆಲಕ್ಕೇ ಕೂತ. ಜಯಮ್ಮ ಮೊದಲ ತುತ್ತು ನುಂಗಿ ಕಣ್ಣು ಮುಚ್ಚಿದಳು, ಸೂಟ್‌ಕೇಸು ಮತ್ತೆ ಮಂಚದ ಕೆಳಗೆ ಹೋಯಿತು ಎಂದು ನನಗೆ ಗೊತ್ತಾಯಿತು. ಆ ನೆಮ್ಮದಿಯಲ್ಲಿ ಬಾಯಿ ತಡೆಯದೆ ಅಂದುಬಿಟ್ಟೆ: "ಏನೇ ಅನ್ನು, ಅಷ್ಟು ದೊಡ್ಡ ರಾಶೀಲಿ ಒಂದಾದ್ರೂ ಹುಳುಕು ಇರ್ಬೇಕಿತ್ತು ಕಣೆ."

ಜಯಮ್ಮ ಕಣ್ಣು ತೆರೆಯಲಿಲ್ಲ. "ಇತ್ತಲ್ಲ" ಎಂದಳು. "ಮೊಣಕೈ ಗಂಟ ಒಳಕ್ಕೋಗಿತ್ತು."

ನಾಗರಾಜು ಕೆಮ್ಮಿದ. ಪ್ರೇಮ ನೀರು ತರಲು ಎದ್ದಳು. ಲಾಡಿನ ಬಾಕಿ ಅವತ್ತು ತೀರಿತು ಎಂದು ಅವನ ಮುಖವೇ ಹೇಳುತ್ತಿತ್ತು. ನನ್ನ ಬಾಯಲ್ಲಿ ಮುದ್ದೆಯಿತ್ತು. ಅದನ್ನು ಅಗಿಯುವ ಪದ್ಧತಿ ನಮ್ಮಲ್ಲಿಲ್ಲ. ಹಾಗೇ ನುಂಗಿಕೊಂಡು, ಇನ್ನೊಂದು ಹಾಕು ಎಂದು ತಟ್ಟೆ ಮುಂದೆ ಮಾಡಿದೆ.