ಮಾನಿಟರಿಗೆ ವಿಭೂತಿ ಹಿಡಿದದ್ದು

ಬಣ್ಣದ ವಿಷಯದಲ್ಲಿ ನನ್ನ ಕಣ್ಣು ಮೋಸ ಹೋಗುವುದಿಲ್ಲ ಎಂಬುದು ಉಮರ್ಗಾದ ನನ್ನ ಫೋಟೋ ಸ್ಟುಡಿಯೋದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಎಲ್ಲರಿಗೂ ಎಂದರೆ ನನಗೊಬ್ಬನಿಗೆ! ಅದನ್ನೇ ನಂಬಿ ನನ್ನ ಹೆಂಡತಿ ಮಹಾದೇವಿ ನಿಲಂಗಾದ ತವರಿನಲ್ಲಿ ಮಾತು ಕೊಟ್ಟುಬಿಟ್ಟಳು: "ತಮ್ಮನ ಲಗ್ನದ ಆಲ್ಬಮ್ಮಿಗಿ ಹೊರಗಿನವ್ರು ಯಾಕ? ನಮ್ಮವ್ರು ಮಾಡ್ತಾರ."

ಫೋಟೋ ತೆಗೆದದ್ದಾಯಿತು. ತಿದ್ದಲು ಹಳೆಯ ಮಾನಿಟರ್ ಸಾಲದೆನಿಸಿ ಉದಗೀರಕ್ಕೆ ಹೋದೆ. ಅಂಗಡಿಯವನು ಏನೇನೋ ವಿವರಿಸಿದ. ನಾನು ಬಹಳ ಗಂಭೀರವಾಗಿ ತಲೆಯಾಡಿಸಿ, ಎಲ್ಲಕ್ಕಿಂತ ದೊಡ್ಡದನ್ನು ಆರಿಸಿದೆ.

"ಬಣ್ಣ ಅಳೆಯೋ ಮಷೀನ್ ಬ್ಯಾಡೇನ್ರಿ?"

"ಕಣ್ಣು ಅದಾವಲ್ಲ!" ಎಂದೆ.

ಮನೆಯಲ್ಲಿ ಪರದೆಯ ಬಿಳುಪು ಹೊಂದಿಸುವ ಮಹತ್ಕಾರ್ಯ ಶುರುವಾಯಿತು. ಪಕ್ಕದಲ್ಲಿ ಅಪ್ಪಟ ಬಿಳಿ ವಸ್ತುವೊಂದನ್ನು ಹಿಡಿದು, ಪರದೆಯನ್ನು ಅದಕ್ಕೆ ಸರಿ ಮಾಡಬೇಕು. ದೇವರ ಜಗಲಿಯಿಂದ ವಿಭೂತಿ ಗಟ್ಟಿ ತಂದೆ.

"ಹಾಳಿ ಹಿಡೀರಿ," ಎಂದಳು ಹೆಂಡತಿ, ಬಿಳಿ ಕಾಗದವೊಂದನ್ನು ಚಾಚಿ.

"ಹಾಳಿ ಫ್ಯಾಕ್ಟರೀದು. ವಿಭೂತಿ ಶಿವಂದು!"

ಗುಂಡಿ ಒತ್ತಿ ಒತ್ತಿ ಬೆರಳು ನೋಯುವ ಹೊತ್ತಿಗೆ ಪರದೆ ವಿಭೂತಿಗೆ ಸಮನಾಯಿತು. ಈಗ ನೋಡಿದರೆ ಫೋಟೋಗಳೆಲ್ಲ ಹಳದಿ! ಮಂಟಪದ ದೀಪಗಳಿಗೆ ಬೈಯುತ್ತ ಒಂದೊಂದಕ್ಕೂ ನೀಲಿ ಸುರಿದೆ. ಆಲ್ಬಮ್ ಅಚ್ಚಾಗಿ ನೇರ ಮಾವನ ಮನೆಗೇ ಹೋಗಲಿ ಎಂದು ಅಲ್ಲಿಯ ವಿಳಾಸ ಕೊಟ್ಟೆ. ಶಭಾಷ್‌ಗಿರಿ ಎಲ್ಲರೆದುರು ಸಿಗಬೇಕಲ್ಲ!

ಪಾರ್ಸೆಲ್ ಬಿಚ್ಚುವ ದಿನ ಇಡೀ ಬಳಗ ಸೇರಿತ್ತು. ಹೊಸ ಸೊಸೆಯ ತವರಿನವರೂ ಬಂದಿದ್ದರು. ಮಾವ ಮೊದಲ ಪುಟ ತೆರೆದರು. ಎರಡನೆಯದು. ಕೆಮ್ಮಿದರು. ನಾನು ಕುತ್ತಿಗೆ ಚಾಚಿದೆ. ಮದುಮಗ ನೀಲಿ. ಮದುಮಗಳು ನೀಲಿ. ಅರಿಶಿಣ ಹಚ್ಚಿದ ಪುಟದಲ್ಲಿ ಮಾತ್ರ ಇಬ್ಬರೂ ಹಸಿರು!

"ಜಾವಯಿಬಾಪು," ಎಂದು ಅಳಿಯನಾದ ನನ್ನನ್ನು ಕರೆದರು ಮಾವ ಮೆಲ್ಲಗೆ, "ಮಂದಿಗಿ ಅವತ್ತ ಥಂಡಿ ಭಾಳ ಹತ್ತಿತ್ತೇನು?"

ಯಾರೂ ನಗಲಿಲ್ಲ. ಹೆಂಡತಿ ನನ್ನ ಕಿವಿಯ ಹತ್ತಿರ ಬಂದಳು. "ಆ ವಿಭೂತಿ ಎಲ್ಲಿಂದ ತಗೊಂಡಿದ್ರಿ?"

"ಜಗಲಿ ಮ್ಯಾಗಿಂದ."

"ಅಯ್ಯ ಶಿವನೇ! ಅದು ಅರಿಶಿಣದ ಡಬ್ಬ್ಯಾಗ ಬಿದ್ದಿತ್ತು. ನಾನೇ ಒರಸಿ ಇಟ್ಟಿದ್ದೆ."

ಹಳದಿ ವಿಭೂತಿಯನ್ನು ಬಿಳಿಯೆಂದು ನಂಬಿ, ಪರದೆಯನ್ನೂ ಹಳದಿ ಮಾಡಿ, ಚೆನ್ನಾಗಿದ್ದ ಫೋಟೋಗಳಿಗೆ ನೀಲಿ ಬಳಿದಿದ್ದೆ. ಇದನ್ನು ಬೀಗರ ಮುಂದೆ ಯಾವ ಬಾಯಿಂದ ಹೇಳುವುದು? ನನ್ನ ಮಾನ ಹೋದರೆ ಹೋಗಲಿ, ತವರಿನಲ್ಲಿ ಅವಳ ಮಾತು ಮಣ್ಣುಪಾಲಾಯಿತಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಮಾವ ಮಗಳ ಕಡೆ ತಿರುಗಿದರು. "ನಿನ್ನ ಮಾತು ನಂಬಿ ಕೊಟ್ಟಿದ್ವಿ, ಮಾದೇವಿ. ನೀನರೇ ನೋಡಿ ಹೇಳಬೇಕಿಲ್ಲೇನು?"

ಅವಳು ತಲೆಯೆತ್ತಿದಳು. "ನೀ ಭಾಳ ನೋಡಿದಿ ಬಿಡಪ್ಪಾ! ಇವರ್ದು ಒಂದ್ ಫೋಟೋ ನೋಡಿ ನನ್ನ ಲಗ್ನಾನೇ ಪಕ್ಕಾ ಮಾಡಿದಿ!"

ಬಳಗ ಗೊಳ್ಳೆಂದು ನಕ್ಕಿತು. ಬೀಗರೂ ನಕ್ಕರು, ಕೊನೆಗೆ ಮಾವನೂ. ಆಲ್ಬಮ್ ಹೊಸದಾಗಿ ಮಾಡಿಸುವುದೆಂದು ತೀರ್ಮಾನವಾಯಿತು, ಬೇರೆಯವರ ಹತ್ತಿರ! ನಾನೂ ನಕ್ಕೆ, ಆದರೆ ಸ್ವಲ್ಪ ಹೆದರಿಕೊಂಡೇ.

ಮಾವ ಅಂದು ನೋಡಿ ಮೆಚ್ಚಿದ ಆ ಫೋಟೋ ತಿದ್ದಿದ್ದೂ ನಾನೇ!